ಒಂಬತ್ತು ತಿಂಗಳ ಹೊಸಬಳು

ಸೋಮವಾರ ಬೆಳಗ್ಗೆ ಗಾಜಿನ ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರ ಪಟ್ಟಿಯ ಮೇಲೆ ಬೆರಳಾಡಿಸಿದ. ಮತ್ತೊಮ್ಮೆ ಮೇಲಿನಿಂದ ಕೆಳಕ್ಕೆ ಆಡಿಸಿ, "ನಿಮ್ಮ ಹೆಸರಿಲ್ಲಮ್ಮ" ಎಂದ.

"ಸರಿಯಾಗಿ ನೋಡಿ ಅಣ್ಣ. ವಾರದ ಬಿಡುವು ಮುಗೀತು, ಇವತ್ತು ಹೊಸ ಕಾಗದ ಕೊಡಬೇಕು. ಪ್ರತಿ ಸಲ ಕೊಡ್ತಾರೆ."

"ಮಿಕ್ಕವರದ್ದೆಲ್ಲ ಇದೆ. ನಿಮ್ಮದಿಲ್ಲ. ನಾನೇನು ಮಾಡ್ಲಿ ಹೇಳಿ? ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ, ಹಿಂದಿನವರು ಬರಲಿ."

ಅವಳು ಪಕ್ಕಕ್ಕೆ ಸರಿದು ನಿಂತಳು. ಕೈಯಲ್ಲಿದ್ದ ಊಟದ ಡಬ್ಬಿ ಇನ್ನೂ ಬಿಸಿಯಾಗಿತ್ತು. ಅವಳ ಪಕ್ಕದ ಸ್ಟೂಲಿನಲ್ಲಿ ಕೂತು ಕೆಲಸ ಮಾಡುತ್ತಿದ್ದ ಕುಳ್ಳಿ ಒಳಗೆ ಹೋಗುತ್ತ ಒಮ್ಮೆ ತಿರುಗಿ ನೋಡಿದಳು, ತಕ್ಷಣ ತಲೆ ತಗ್ಗಿಸಿದಳು. ಸೈರನ್ ಕೂಗಿತು. ಗೇಟು ಮುಚ್ಚಿತು.

ಮನೆ ಕಾರ್ಖಾನೆಯ ಬೆನ್ನಿಗೇ ಇದ್ದ ಕ್ವಾರ್ಟರ್ಸಿನಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ, ನಾಲ್ಕು ಮನೆಗೆ ಒಂದು ನಲ್ಲಿ. ಅತ್ತೆ ಹೊಸ್ತಿಲಲ್ಲಿ ಕೂತು ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದಳು.

"ಏನಮ್ಮ, ಹೋದ ಪುಟ್ಟ ಬಂದ ಪುಟ್ಟ ಅಂತ ಬಂದ್ಬಿಟ್ಟೆ?"

"ಪಟ್ಟಿಯಲ್ಲಿ ಹೆಸರಿಲ್ಲವಂತೆ ಅತ್ತೆ."

ಅತ್ತೆಯ ಕೈ ಮೊರದ ಮೇಲೆ ನಿಂತಿತು. "ನಿಮ್ಮ ಮಾವ ಒಳಗೇ ಇದಾರಲ್ಲ, ಅವರನ್ನ ಕೇಳಬೇಕಿತ್ತು."

"ಗೇಟೇ ದಾಟೋಕೆ ಬಿಡಲಿಲ್ಲ."

ಮಾವ ಅದೇ ಕಾರ್ಖಾನೆಯ ತಪಾಸಣೆ ವಿಭಾಗಕ್ಕೆ ಮೇಸ್ತ್ರಿ. ಮೂವತ್ತೊಂದು ವರ್ಷದ ಸರ್ವೀಸು, ನಿವೃತ್ತಿಗೆ ಇನ್ನು ಐದು ತಿಂಗಳು. ಮನೆಯಲ್ಲೂ ಬೀದಿಯಲ್ಲೂ ಎಲ್ಲರೂ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಆ ವಿಭಾಗದಲ್ಲಿ ಅವರ ಕೈಕೆಳಗೆ ನಲವತ್ತು ಹೆಂಗಸರು. ಬೆಳಕಿನ ಹಲಗೆಯ ಮುಂದೆ ಔಷಧಿಯ ಬಾಟಲಿಗಳು ಸಾಲಾಗಿ ಸಾಗುತ್ತವೆ. ಬಿರುಕು, ಗುಳ್ಳೆ, ಸೊಟ್ಟ ಕತ್ತು ಕಂಡರೆ ಕಣ್ಣು ಮಿಟುಕಿಸುವುದರೊಳಗೆ ತೆಗೆದು ಕೆಳಗಿನ ಡಬ್ಬಕ್ಕೆ ಹಾಕಬೇಕು. ಸೊಸೆಗೆ ಮೇಸ್ತ್ರಿಯೇ 'ಹದ್ದುಗಣ್ಣಿ' ಎಂದು ಹೆಸರಿಟ್ಟಿದ್ದರು. "ಕೂದಲೆಳೆ ಬಿರುಕೂ ನನ್ನ ಸೊಸೆ ಕಣ್ಣು ತಪ್ಪಿಸಿಕೊಂಡು ಹೋಗಲ್ಲ" ಎಂದು ಬಂದವರೆದುರು ಹೇಳಿಕೊಳ್ಳುತ್ತಿದ್ದರು.

ಆದರೂ ಆ ನಲವತ್ತು ಜನರಲ್ಲಿ ಒಬ್ಬಳೂ ಕಾಯಂ ಆಗಿರಲಿಲ್ಲ. ಎಲ್ಲರೂ ಪ್ರೊಬೇಷನ್. ಒಂಬತ್ತು ತಿಂಗಳು ತುಂಬುವ ದಿನ 'ನಿಮ್ಮ ಸೇವೆ ಮುಗಿಯಿತು' ಎಂಬ ಚೀಟಿ, ಒಂದು ವಾರ ಮನೆ, ಆಮೇಲೆ ಹೊಸಬರೆಂದು ಹೊಸ ಕಾಗದ. ಸೊಸೆ ಹೀಗೆ ಮೂರು ಸಲ ಹೊಸಬಳಾಗಿದ್ದಳು. ಹದಿನೈದು ದಿನದ ಹಿಂದೆ ಮ್ಯಾನೇಜರು ವಿಭಾಗಕ್ಕೆ ಬಂದಾಗ, "ಸಾರ್, ನಾನು ಇಲ್ಲಿ ಇನ್ನೂ ಎಷ್ಟು ಸಲ ಹೊಸಬಳಾಗಬೇಕು?" ಎಂದು ಕೇಳಿಬಿಟ್ಟಿದ್ದಳು. ಹೆಂಗಸರು ನಕ್ಕಿದ್ದರು. ಮ್ಯಾನೇಜರೂ ನಕ್ಕಿದ್ದ.

ಸಂಜೆ ಮೇಸ್ತ್ರಿ ಕೈಕಾಲು ತೊಳೆದು ಊಟಕ್ಕೆ ಕೂತರು. ಶಾಲಾ ವ್ಯಾನು ಓಡಿಸುವ ಮಗ, ಎಂಟು ವರ್ಷದ ಮೊಮ್ಮಗಳು ಪುಟ್ಟಿ, ಎಲ್ಲರೂ ಕೂತಿದ್ದರು. ಸೊಸೆ ಬಡಿಸುತ್ತಿದ್ದಳು.

"ಕೇಳಿದ್ರಾ ಮಾವ?"

"ಕೇಳಿದೆ. ಆರ್ಡರ್ ಕಮ್ಮಿ ಇದೆಯಂತೆ. ಎರಡು ವಾರ ಕಾಯಿ ಅಂದ್ರು."

"ಕಮ್ಮಿ ಇದ್ರೆ ನನಗೊಬ್ಬಳಿಗೇ ಕಮ್ಮಿಯಾ?"

"ಬಾಯಿ ಸ್ವಲ್ಪ ಬಿಗಿ ಹಿಡಿದಿದ್ರೆ ಇದೆಲ್ಲ ಬರ್ತಿರಲಿಲ್ಲ." ಮೇಸ್ತ್ರಿ ತಟ್ಟೆಯಿಂದ ತಲೆ ಎತ್ತಲಿಲ್ಲ. "ಮಾತು ಮನೆ ಕೆಡಿಸ್ತು ಅಂತ ಸುಮ್ಮನೆ ಹೇಳಿಲ್ಲ ಹಿರಿಯರು. ಐದು ತಿಂಗಳು ಕಳೀಲಿ. ನಾನು ಬಿಡೋ ಹೊತ್ತಿಗೆ ನಿನ್ನ ಕಾಯಂ ಮಾಡ್ತೀವಿ, ಮನೆ ನಿನ್ನ ಹೆಸರಿಗೆ ಮುಂದುವರೀತದೆ ಅಂದಿದಾರೆ."

"ಹೋದ ವರ್ಷವೂ ಅಂದಿದ್ರು" ಎಂದ ಮಗ.

"ನೀನು ತಿನ್ನಪ್ಪ."

ಎರಡು ವಾರ ಮೂರಾಯಿತು. ಸೊಸೆ ಮನೆಯಲ್ಲಿದ್ದಾಳೆಂದು ಕೆಲಸಗಳೆಲ್ಲ ತಾವಾಗಿ ಅವಳ ಕಡೆ ಉರುಳಿದವು. ನಲ್ಲಿಯ ಸರದಿ, ಒಗೆತ, ಪುಟ್ಟಿಯ ಪಾಠ, ಮಾವನ ಅಂಗಿಯ ಇಸ್ತ್ರಿ. ಹತ್ತು ಗಂಟೆಗೆ ಕಾರ್ಖಾನೆಯ ಚಹಾದ ಸೈರನ್ ಕೂಗಿದರೆ ಅವಳ ಕೈ ತಾನಾಗಿ ಕೆಲಸ ಬಿಡುತ್ತಿತ್ತು. ಅತ್ತೆಗೆ ನಗು. "ಇಲ್ಲಿ ಚಹಾ ಕೊಡೋಕೆ ಯಾವ ಕ್ಯಾಂಟೀನಿನವನೂ ಇಲ್ಲ. ನೀನೇ ಇಡು, ನನಗೂ ಒಂದು ಲೋಟ."

ಮೂರನೆಯ ವಾರ ಮೊಟ್ಟೆ ತರುವುದು ನಿಂತಿತು. ನಾಲ್ಕನೆಯ ವಾರ ಶಾಲೆಗೆ ರಜೆ ಬಂದು ವ್ಯಾನು ನಿಂತಿತು. ಆ ಬುಧವಾರ ಅವಳು ತರಕಾರಿ ಚೀಲ ಹಿಡಿದು ಹೊರಟವಳು ಸಂತೆಯ ಕಡೆ ತಿರುಗದೆ ಬಸ್ಸು ಹತ್ತಿ ಕಾರ್ಮಿಕ ಇಲಾಖೆಯ ಕಚೇರಿಗೆ ಹೋದಳು.

ಕಚೇರಿಯ ಮೆಟ್ಟಿಲ ಕೆಳಗೆ ಅರ್ಜಿ ಬರೆದುಕೊಡುವ ಮುದಿ ಟೈಪಿಸ್ಟ್ ಒಬ್ಬ ಕೂರುತ್ತಿದ್ದ. ಅವಳ ಮೂರು ಚೀಟಿ, ಮೂರು ನೇಮಕದ ಕಾಗದಗಳನ್ನು ತಾರೀಕಿನ ಸಾಲಿನಲ್ಲಿ ಜೋಡಿಸಿ ನೋಡಿದ.

"ಪ್ರೊಬೇಷನ್ ಅಂದ್ರೆ ಏನಮ್ಮ? ಪರೀಕ್ಷೆ. ಆರು ತಿಂಗಳು. ಸಾಲದಿದ್ರೆ ಕಾರಣ ಬರೆದುಕೊಟ್ಟು ಇನ್ನು ಮೂರು ತಿಂಗಳು, ಅದೂ ಒಂದೇ ಸಲ. ಅದರ ಮೇಲೂ ದುಡಿಸಿಕೊಂಡ್ರೆ ನೀವು ಕಾಯಂ. ಅವರು ಕಾಗದ ಕೊಡ್ಲಿ, ಬಿಡ್ಲಿ."

"ನಡುವೆ ಒಂದು ವಾರ ಬಿಡಿಸ್ತಾರಲ್ಲ?"

"ಅದು ಕಾನೂನಿನ ಕಣ್ಣಿಗೆ ಮಣ್ಣೆರಚೋ ಉಪಾಯ. ಕೆಲಸ ಅದೇ, ಸ್ಟೂಲು ಅದೇ, ಹೆಂಗಸು ಅವಳೇ. ಹೊಸಬಳು ಹೇಗಾಗ್ತಾಳೆ?" ಟೈಪಿಸ್ಟ್ ಕಾಗದ ಏರಿಸಿದ. "ಒಂದೇ ಅನುಮಾನ. ಪ್ರತಿ ಸಲ ನಿಮ್ಮ ಕೆಲಸ ಸರಿಯಿಲ್ಲ, ಅದಕ್ಕೇ ತೆಗೆದ್ವಿ ಅಂತ ವರದಿ ಬರೆಸಿಟ್ಟಿದ್ರೆ ಕಷ್ಟ. ವರದಿ ಬರೆಯೋರು ಯಾರು?"

"ಮೇಸ್ತ್ರಿ. ನಮ್ಮ ಮಾವಾನೇ."

"ಹಾಗಾದ್ರೆ ನಿಮಗೇನು ಭಯ ಬಿಡಿ" ಎಂದು ಅವನು ಟಕಟಕ ಹೊಡೆಯತೊಡಗಿದ.

ನೋಟಿಸು ಕಾರ್ಖಾನೆಗೆ ಮುಟ್ಟಿದ ದಿನ ಮೇಸ್ತ್ರಿ ಚಪ್ಪಲಿ ಬಿಡುವ ಮೊದಲೇ ಕೂಗಿದರು.

"ಯಾರನ್ನ ಕೇಳಿ ಅರ್ಜಿ ಹಾಕಿದೆ?"

"ಯಾರನ್ನ ಕೇಳಬೇಕಿತ್ತು ಮಾವ? ಎರಡು ವಾರ ಅಂದ್ರಿ, ಆರು ವಾರ ಆಯ್ತು."

"ನಾನು ತಿನ್ನೋ ಅನ್ನಕ್ಕೆ ಕಲ್ಲು ಹಾಕ್ದೆಯಲ್ಲ! ನಾಳೆ ಈ ಮನೆ ಖಾಲಿ ಮಾಡು ಅಂದ್ರೆ ಎಲ್ಲಿಗೆ ಹೋಗ್ತೀರಿ? ಈ ಮುದುಕಿನ ಎಲ್ಲಿ ಕೂರಿಸ್ತೀಯ?"

"ಮುದುಕಿ ಅಂತ ನನ್ನ ನಡುವೆ ಎಳೀಬೇಡಿ" ಎಂದಳು ಅತ್ತೆ ಒಳಗಿನಿಂದ. "ನಾನು ಎಲ್ಲಾದ್ರೂ ಕೂರ್ತೀನಿ."

"ಅಪ್ಪ, ಅರ್ಜಿ ಹಾಕಿದ್ದಲ್ಲವಾ, ಕಳ್ಳತನ ಮಾಡಿಲ್ಲವಲ್ಲ" ಎಂದ ಮಗ. ಆದರೆ ಒಳಕೋಣೆಗೆ ಹೋದ ಮೇಲೆ ಹೆಂಡತಿಗೆ ಅವನೇ, "ನನಗೊಂದು ಮಾತು ಹೇಳಬಹುದಿತ್ತು ಕಣೆ" ಎಂದ.

"ಹೇಳಿದ್ರೆ ಬೇಡ ಅಂತಿದ್ರಿ."

"ಅಂತಿದ್ದೆ" ಎಂದು ಅವನು ಒಪ್ಪಿಕೊಂಡ.

ಹತ್ತು ದಿನದ ಮೇಲೆ ಕಾರ್ಖಾನೆಯ ಉತ್ತರ ಬಂದಿದೆ, ಪ್ರತಿ ತೆಗೆದುಕೊಂಡು ಹೋಗಿ ಎಂದು ಇಲಾಖೆಯಿಂದ ತಿಳಿಸಿದರು. ಅವಳು ಕೌಂಟರಿನಲ್ಲೇ ಹಾಳೆ ತಿರುವಿದಳು. ಉತ್ತರದ ಹಿಂದೆ ಮೂರು ವರದಿಗಳ ನಕಲು. ಮೂರರಲ್ಲೂ ಒಂದೇ ಕೈಬರಹ. ಕೆಳಗೆ ಸಹಿ. ಆ ಸಹಿಯ ಕೊನೆಯಲ್ಲಿ ಹಿಂದಕ್ಕೆ ತಿರುಗುವ ಬಾಲ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಪುಟ್ಟಿಯ ಅಂಕಪಟ್ಟಿಗೆ ಪ್ರತಿ ಸಲ ಸಹಿ ಹಾಕುವವರು ಅಜ್ಜನೇ.

ಊಟದ ಹೊತ್ತಿಗೆ ಅವಳು ಬಡಿಸಲಿಲ್ಲ. ಹಾಳೆಗಳನ್ನು ಮಾವನ ತಟ್ಟೆಯ ಪಕ್ಕ ಇಟ್ಟಳು. ಮೇಸ್ತ್ರಿ ನೋಡಿದರು, ಮುಟ್ಟಲಿಲ್ಲ.

"ಏನದು?" ಎಂದಳು ಅತ್ತೆ. ಅವಳಿಗೆ ಓದು ಬಾರದು. "ಪುಟ್ಟಿ, ಏನಿದೆ ಓದೇ."

ಪುಟ್ಟಿಗೆ ಹೊಸದಾಗಿ ಕೂಡಿಸಿ ಓದುವ ಉಮೇದು. ಯಾರಾದರೂ ತಡೆಯುವ ಮುಂಚೆ ಹಾಳೆ ಎತ್ತಿಕೊಂಡು ಬೆರಳಿಟ್ಟು ಓದಿದಳು. "ಕೆಲಸ... ಅ-ತೃ-ಪ್ತಿ-ಕರ. ಕೈ ನಿಧಾನ. ಕಣ್ಣು... ಚುರುಕಿಲ್ಲ. ಮುಂದು-ವರಿಸಲು... ಯೋಗ್ಯರಲ್ಲ." ಆಮೇಲೆ ಮುಖ ಅರಳಿಸಿ, "ಇದು ಅಜ್ಜನ ಸಹಿ!" ಎಂದಳು.

ಮಗ ಅವಳ ಕೈಯಿಂದ ಹಾಳೆ ಕಿತ್ತುಕೊಂಡ. "ಒಳಗೆ ಹೋಗು ಪುಟ್ಟಿ."

"ಯಾಕೆ? ಸರಿಯಾಗೇ ಓದಿದೆನಲ್ಲ."

"ಹೋಗು."

ಅತ್ತೆ ಗಂಡನನ್ನೇ ನೋಡುತ್ತಿದ್ದಳು. "ಹದ್ದುಗಣ್ಣಿ ಅಂತ ಹೆಸರಿಟ್ಟೋರು ನೀವೇ ತಾನೆ?"

"ಬರೆದದ್ದು ನಾನಲ್ಲ" ಎಂದರು ಮೇಸ್ತ್ರಿ. "ಹಾಳೆ ಖಾಲಿ ಇರುತ್ತೆ. ತಿಂಗಳ ಕೊನೇ ಶನಿವಾರ ಒಂದು ಕಟ್ಟು ತಂದಿಡ್ತಾರೆ. ಸಹಿ ಹಾಕ್ತೀನಿ. ಬೇಕಾದಾಗ ಆಫೀಸಿನವರು ತುಂಬ್ಕೋತಾರೆ."

"ಏನು ತುಂಬ್ತಾರೆ ಅಂತ ಗೊತ್ತಿರಲಿಲ್ವಾ?" ಎಂದಳು ಸೊಸೆ.

ಮೇಸ್ತ್ರಿ ಲೋಟ ಎತ್ತಿ ನೀರು ಕುಡಿದರು.

"ಎಷ್ಟು ಜನರದ್ದು ಮಾವ?"

"ಎಲ್ಲರದ್ದೂ."

"ಎಷ್ಟು ವರ್ಷದಿಂದ?"

"ಏಳೆಂಟು ವರ್ಷ ಆಗಿರಬಹುದು." ಆಮೇಲೆ ಒಮ್ಮೆಲೇ ದನಿ ಏರಿತು. "ಹಾಕದಿದ್ರೆ ಏನಾಗ್ತಿತ್ತು? ನನ್ನ ಜಾಗಕ್ಕೆ ಹಾಕೋನು ಬರ್ತಿದ್ದ! ನಿನ್ನ ಕೆಲಸಕ್ಕೆ ಸೇರಿಸಿದ್ದು ಯಾರು? ಮುಂದಿನ ಸಲ ಕಾಯಂ, ಮುಂದಿನ ಸಲ ಕಾಯಂ ಅಂತ ಅವರು ಹೇಳ್ತಾನೇ ಇದ್ರು."

"ಮೂಗಿಗೆ ತುಪ್ಪ ಸವರಿದ್ರು, ನೀವು ವಾಸನೆ ಕುಡೀತಾ ಕೂತ್ರಿ" ಎಂದಳು ಅತ್ತೆ. ಎದ್ದು ಹೋಗಿ ಪಾತ್ರೆಗಳಿಗೆ ಮುಚ್ಚಳ ಮುಚ್ಚಿದಳು. ಆ ದಿನ ಪುಟ್ಟಿ ಒಬ್ಬಳೇ ಊಟ ಮಾಡಿದ್ದು.

ಮನೆ ಇಕ್ಕಟ್ಟಾಯಿತು. ಎರಡೇ ಕೋಣೆ, ಮಾತು ಬಿಟ್ಟವರೂ ದಿನಕ್ಕೆ ಹತ್ತು ಸಲ ಎದುರಾಗಲೇಬೇಕು. ಮೇಸ್ತ್ರಿ ಬೆಳಗ್ಗೆ ಎಲ್ಲರಿಗಿಂತ ಮೊದಲು ತಿಂದು ಹೋಗುತ್ತಿದ್ದರು. ಸೊಸೆ ಅವರ ಡಬ್ಬಿ ಕಟ್ಟಿ ಕಿಟಕಿಯ ಮೇಲಿಡುತ್ತಿದ್ದಳು, ಕೈಗೆ ಕೊಡುತ್ತಿರಲಿಲ್ಲ. ಮಗ ಅಪ್ಪನ ಹತ್ತಿರ ಮಾತಾಡಿದರೆ ಹೆಂಡತಿಗೆ ಸಿಟ್ಟು, ಹೆಂಡತಿಯ ಹತ್ತಿರ ಕೂತರೆ ಅಪ್ಪ ಕೆಮ್ಮುತ್ತಿದ್ದರು. "ನನ್ನ ವ್ಯಾನಿನಲ್ಲೇ ಮಲಗಿದ್ರೆ ಸುಖ" ಎಂದು ಅವನು ಗೊಣಗಿದ.

ಎರಡು ವಾರ ಹೀಗೆ ಕಳೆಯಿತು. ಒಂದು ಸಂಜೆ ಮೇಸ್ತ್ರಿ ಲಕೋಟೆ ತಂದು ಸೊಸೆಯ ಮುಂದಿಟ್ಟರು. ಒಳಗೆ ಹೊಸ ನೇಮಕದ ಕಾಗದ, ಒಂಬತ್ತು ತಿಂಗಳಿಗೆ. ಜೊತೆಗೆ ಅರ್ಜಿ ಹಿಂತೆಗೆದುಕೊಳ್ಳುತ್ತೇನೆಂಬ ಒಂದು ಸಾಲಿನ ಒಪ್ಪಿಗೆ.

"ಸಹಿ ಹಾಕಿದ್ರೆ ಸೋಮವಾರದಿಂದ ಕೆಲಸ. ಮನೆ ವಿಷಯಾನೂ ನೋಡ್ತೀವಿ ಅಂದಿದಾರೆ" ಎಂದರು. ಅಷ್ಟು ದಿನಕ್ಕೆ ಅವರು ಅವಳೊಡನೆ ಆಡಿದ ಮೊದಲ ಮಾತು ಅದು.

"ಹಾಕಿಬಿಡೆ" ಎಂದ ಗಂಡ. "ಕೈಗೆ ಬಂದ ತುತ್ತು ಯಾಕೆ ಬಿಡ್ತೀಯ?"

ಅವಳು ಅತ್ತೆಯ ಕಡೆ ನೋಡಿದಳು. ಅತ್ತೆ ಪುಟ್ಟಿಯ ಸವೆದ ಚಪ್ಪಲಿಯ ಪಟ್ಟಿ ಹೊಲಿಯುತ್ತಿದ್ದಳು. "ನನ್ನ ಮುಖ ನೋಡಬೇಡ. ನನ್ನ ಕೇಳಿದ್ರೆ ಹಾಕು ಅಂತೀನಿ. ಹಾಕಿದ್ರೆ ನಿನ್ನ ಮೇಲೆ ಬೇಜಾರೂ ಆಗುತ್ತೆ. ಏನು ಮಾಡ್ಲಿ, ಎರಡೂ ನಿಜ."

ಸೊಸೆ ಪೆನ್ನು ತೆಗೆದುಕೊಂಡಳು. ನೇಮಕದ ಕಾಗದವನ್ನು ಓದಿದಳು. 'ಹೊಸದಾಗಿ ಸೇರುವವರು ಮೊದಲ ವಾರ ಕೆಲಸ ಕಲಿಯತಕ್ಕದ್ದು' ಎಂಬ ಸಾಲಿಗೆ ಬಂದಾಗ ಅವಳಿಗೆ ನಗು ಬಂತು. ನಗು ಹಾಗೆಯೇ ಅಳುವಾಯಿತು. ಪೆನ್ನು ಕೆಳಗಿಟ್ಟು ಅಡುಗೆಮನೆಗೆ ಹೋದಳು. ಸೋಮವಾರ ಬಂತು, ಹೋಯಿತು.

ವಿಚಾರಣೆಯ ದಿನ ಮೇಸ್ತ್ರಿ ಕಾರ್ಖಾನೆಯ ಕಡೆಯ ಸಾಕ್ಷಿ. ಬೆಳಗ್ಗೆ ತಾವೇ ಅಂಗಿಗೆ ಇಸ್ತ್ರಿ ಮಾಡಿಕೊಂಡರು. ಮ್ಯಾನೇಜರ ಕಾರು ಬೀದಿ ತುದಿಗೆ ಬಂದು ನಿಂತಿತು. ಅವರು ಅದರಲ್ಲಿ ಹೋದರು. ಮಗ ಸೊಸೆ ಬಸ್ಸಿನಲ್ಲಿ ಹೋದರು.

ಕಾರ್ಮಿಕ ಅಧಿಕಾರಿ ನೆಗಡಿ ಹಿಡಿದ ಒಬ್ಬ ಹೆಂಗಸು. ಫ್ಯಾನು ನಿಲ್ಲಿಸಿ ಎಂದು ಜವಾನನಿಗೆ ಹೇಳಿ, ಮೂರು ಹಾಳೆಗಳನ್ನು ಮೇಸ್ತ್ರಿಯ ಮುಂದೆ ತಳ್ಳಿದಳು.

"ಸಹಿ ನಿಮ್ಮದಾ?"

"ಹೌದಮ್ಮ."

"ಬರಹ?"

ಮೇಸ್ತ್ರಿ ಮ್ಯಾನೇಜರ ಕಡೆ ನೋಡಿದರು. ಮ್ಯಾನೇಜರು ಕೈಗಡಿಯಾರ ನೋಡುತ್ತಿದ್ದ.

"ಆಫೀಸಿನಲ್ಲಿ ಬರೀತಾರೆ. ನಾನು ಹೇಳಿದ ಹಾಗೆ ಬರೀತಾರೆ."

ಸೊಸೆ ಕಣ್ಣು ಮುಚ್ಚಿಕೊಂಡಳು. ಇಲ್ಲಿಗೆ ಎಲ್ಲ ಹೋಯಿತು ಎಂದುಕೊಂಡಳು.

"ನೀವು ಏನು ಹೇಳಿದ್ರಿ? ಈಕೆ ಕೈ ನಿಧಾನ, ಕಣ್ಣು ಚುರುಕಿಲ್ಲ ಅಂತ ಹೇಳಿದ್ರಾ?" ಅಧಿಕಾರಿ ಸೀನಿ, ಮೂಗೊರೆಸಿಕೊಂಡು ಕಾದಳು. "ಹೌದು ಅಥವಾ ಇಲ್ಲ. ಹೌದು ಅಂದ್ರೆ ಬರ್ಕೋತೀನಿ, ಮುಗೀತು."

ಹೌದು ಎನ್ನಲು ಮೇಸ್ತ್ರಿಯ ಬಾಯಿ ತೆರೆಯಿತು. ಆ ಮಾತು ಹೊರಡಲಿಲ್ಲ. ಅವರು ಹಾಳೆಯನ್ನು ಕೈಯಲ್ಲಿ ಹಿಡಿದು, ಕಣ್ಣಿಗೆ ಹತ್ತಿರ ತಂದು, ಮೊದಲ ಸಲ ಪೂರ್ತಿ ಓದಿದರು. ಎರಡನೆಯದನ್ನೂ ಮೂರನೆಯದನ್ನೂ ಓದಿದರು.

"ಇಲ್ಲ. ಹಾಗೆ ಹೇಳಿಲ್ಲ. ನನ್ನ ಸಹಿ ಬಿದ್ದಾಗ ಈ ಹಾಳೆಗಳು ಖಾಲಿ ಇದ್ವು." ಹಾಳೆಗಳನ್ನು ಮೇಜಿನ ಮೇಲಿಟ್ಟು ಮತ್ತೆ ಅಂದರು. "ಇವಳದ್ದೊಂದೇ ಅಲ್ಲ. ಎಲ್ಲರದ್ದೂ."

ಮ್ಯಾನೇಜರು ಎದ್ದು ನಿಂತ. ಅಧಿಕಾರಿ ಬರೆದುಕೊಳ್ಳುತ್ತ, "ಕೂತ್ಕೊಳ್ಳಿ" ಎಂದಳು.

ಬರುವಾಗ ಮೂವರೂ ಒಂದೇ ಬಸ್ಸಿನಲ್ಲಿ ಬಂದರು. ಸೊಸೆ ಒಂದು ಖಾಲಿ ಸೀಟಿನ ಮೇಲೆ ಕೈಯಿಟ್ಟು ಹಿಡಿದಳು. "ಮಾವ, ಸೀಟಿದೆ, ಕೂತ್ಕೊಳ್ಳಿ" ಎಂದಳು.

"ನಿನಗೋಸ್ಕರ ಹೇಳಿದ್ದಲ್ಲ" ಎಂದರು ಅವರು ಕೂರುತ್ತ. "ಅಷ್ಟು ಸುಳ್ಳನ್ನ ಗಟ್ಟಿಯಾಗಿ ಹೇಳೋಕೆ ಆಗಲಿಲ್ಲ. ಅಷ್ಟೇ."

ಮರುದಿನವೇ ಅವರನ್ನು ಅಮಾನತಿನಲ್ಲಿಟ್ಟರು. ದಾಖಲೆಗಳಿಗೆ ಓದದೆ ಸಹಿ ಹಾಕಿದ ಅಪರಾಧಕ್ಕೆ. ನಿವೃತ್ತಿಯ ಹಣ ತನಿಖೆ ಮುಗಿಯುವವರೆಗೆ ತಡೆಯಲಾಗಿದೆ, ಮನೆಯನ್ನು ತಿಂಗಳೊಳಗೆ ಬಿಡತಕ್ಕದ್ದು ಎಂದು ಪತ್ರ ಬಂತು. ಇಪ್ಪತ್ತು ದಿನದ ನಂತರ ಇಲಾಖೆಯ ಆದೇಶ ಬಂತು. ವಾರದ ಬಿಡುವು ಬರೀ ನೆಪ, ಈಕೆ ಮೊದಲ ಒಂಬತ್ತು ತಿಂಗಳು ಮುಗಿದ ದಿನದಿಂದಲೇ ಕಾಯಂ, ಕೂಡಲೇ ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂದು. ಕ್ವಾರ್ಟರ್ಸು ಮಾತ್ರ ಐದು ವರ್ಷ ಕಾಯಂ ಆದವರಿಗೆ ಸಿಗುವಂಥದ್ದು.

ಭಾನುವಾರ ಮಗ ಶಾಲಾ ವ್ಯಾನಿನಲ್ಲಿ ಮೂರು ಸಲ ಸಾಮಾನು ಸಾಗಿಸಿದ. ಹೊಸ ಮನೆ ಒಂದು ವರ್ಕ್‌ಶಾಪಿನ ಮೇಲಿನ ಒಂದೂವರೆ ಕೋಣೆ. ಕೆಳಗೆ ಸುತ್ತಿಗೆ ಬಿದ್ದರೆ ಮೇಲೆ ಲೋಟ ಕುಣಿಯುತ್ತಿತ್ತು. "ಗೆದ್ದವರ ಮನೆ ಹೀಗೇ ಇರುತ್ತಾ?" ಎಂದು ಅತ್ತೆ ಸುತ್ತ ಕಣ್ಣಾಡಿಸಿ ಕೇಳಿದಳು. ಮೇಸ್ತ್ರಿ ಬೆಳಗ್ಗೆ ಅಭ್ಯಾಸಬಲದಿಂದ ಐದಕ್ಕೇ ಎದ್ದು, ಹೋಗಲು ಜಾಗವಿಲ್ಲದೆ ಮೆಟ್ಟಿಲ ಮೇಲೆ ಕೂರುತ್ತಿದ್ದರು.

ಸೊಸೆ ಕೆಲಸಕ್ಕೆ ಹೋದಳು. ಈಗ ಎರಡು ಬಸ್ಸು ಬದಲಿಸಬೇಕು. ಆ ವಿಭಾಗದಲ್ಲಿ ಕಾಯಂ ಆಗಿರುವವಳು ಅವಳೊಬ್ಬಳೇ. ಮಿಕ್ಕವರು ಅವಳೊಡನೆ ನಗುತ್ತಿದ್ದರು, ಆದರೆ ಮ್ಯಾನೇಜರು ಬಂದರೆ ಸ್ವಲ್ಪ ದೂರ ಸರಿದು ಕೂರುತ್ತಿದ್ದರು. "ನಾವೂ ಅರ್ಜಿ ಹಾಕೋದಾ?" ಎಂದು ಕುಳ್ಳಿ ಊಟದ ಹೊತ್ತಿನಲ್ಲಿ ಪಿಸುಗುಟ್ಟಿ ಕೇಳಿದಳು. "ನಿಮ್ಮ ಮಾವನ ಗತಿ ನೋಡಿ ನಮ್ಮನೆಯವರು ಬೇಡ ಅಂತಾರೆ" ಎಂದು ಉತ್ತರವನ್ನೂ ತಾನೇ ಹೇಳಿದಳು.

ತಿಂಗಳ ಕೊನೆಯ ಶನಿವಾರ ಆಫೀಸಿನ ಗುಮಾಸ್ತ ಒಂದು ಕಟ್ಟು ತಂದು ಅವಳ ಮುಂದಿಟ್ಟ. ಮೂವತ್ತೊಂಬತ್ತು ಹಾಳೆ. ಖಾಲಿ.

"ಇದೇನು?"

"ಪ್ರೊಬೇಷನ್ ವರದಿ. ವಿಭಾಗದ ಕಾಯಂ ನೌಕರರು ಸಹಿ ಹಾಕಬೇಕು ಅಂತ ನಿಯಮ. ಹೊಸ ಮೇಸ್ತ್ರಿ ಇನ್ನೂ ಬಂದಿಲ್ಲ. ಕಾಯಂ ಅಂದ್ರೆ ಇಲ್ಲಿ ನೀವೇ ಅಲ್ವಾ? ಸಹಿ ಮಾತ್ರ ಸಾಕು, ಬರೆಯೋದು ನಾವು ಬರ್ಕೋತೀವಿ."

"ಹಾಕಲ್ಲ ಅಂದ್ರೆ?"

"ಹಾಕಲ್ಲ ಅಂತ ಬರೆದುಕೊಡಿ. ನಿಮ್ಮನ್ನ ತೆಗೆಯೋಕೆ ಮ್ಯಾನೇಜರಿಗೆ ಅದೇ ಬೇಕಾಗಿರೋದು" ಎಂದು ಗುಮಾಸ್ತ ತಗ್ಗಿದ ದನಿಯಲ್ಲಿ ಹೇಳಿದ. ಅವನು ಕೆಟ್ಟವನಲ್ಲ.

ಬೆಳಕಿನ ಹಲಗೆಗಳ ಮುಂದೆ ಮೂವತ್ತೊಂಬತ್ತು ಬೆನ್ನುಗಳು ನೆಟ್ಟಗಾಗಿದ್ದವು. ಯಾರೂ ತಿರುಗಲಿಲ್ಲ. ಬಾಟಲಿಗಳು ಸಾಗುತ್ತಲೇ ಇದ್ದವು.

ಅಂದು ಅವಳು ಮನೆ ಸೇರಿದಾಗ ಎಲ್ಲರೂ ಊಟಕ್ಕೆ ಕಾದು ಕೂತಿದ್ದರು. "ಯಾಕಮ್ಮ ಇಷ್ಟು ಹೊತ್ತು?" ಎಂದಳು ಅತ್ತೆ. ಅವಳು ನಡೆದದ್ದನ್ನು ಹೇಳಿದಳು. ಮೇಸ್ತ್ರಿ ಕಲಸಿದ ಅನ್ನವನ್ನು ಹಾಗೆಯೇ ಬಿಟ್ಟು ಅವಳನ್ನು ನೋಡಿದರು.

"ಸಹಿ ಹಾಕಿದೆಯಾ?"

"ಹಾಕಿದೆ."

ಮಗ ತಟ್ಟೆ ಸರಿಸಿದ. ಅತ್ತೆ, "ಅಯ್ಯೋ" ಎಂದಳು.

"ಬರೆದು ಹಾಕಿದೆ. ಒಂದೊಂದರಲ್ಲೂ ಪೂರ್ತಿ ಬರೆದೆ. ಯಾರು ಹೇಗೆ ಕೆಲಸ ಮಾಡ್ತಾರೆ, ಎಷ್ಟು ತಿಂಗಳಿಂದ ಮಾಡ್ತಿದಾರೆ ಅಂತ. ಉಳಿದ ಜಾಗಕ್ಕೆ ಗೆರೆ ಎಳೆದೆ. ಅದಕ್ಕೇ ಹೊತ್ತಾಯ್ತು."

"ಎಲ್ಲರದ್ದೂ ಚೆನ್ನಾಗಿದೆ ಅಂತ ಬರೆದೆಯಾ?" ಎಂದರು ಮೇಸ್ತ್ರಿ.

"ಇಲ್ಲ ಮಾವ. ಹೊಸ ಹುಡುಗಿ ಒಬ್ಬಳಿದಾಳೆ, ನಿಜವಾಗ್ಲೂ ನಿಧಾನ. ತೂಕಡಿಸ್ತಾಳೆ. ಅದನ್ನೂ ಬರೆದೆ. ಮೂರು ತಿಂಗಳು ಕಲಿಸಿದ್ರೆ ಸರಿಹೋಗ್ತಾಳೆ ಅಂತಾನೂ ಬರೆದೆ."

ಮೇಸ್ತ್ರಿ ತಲೆಯಾಡಿಸಿ ತುತ್ತು ಎತ್ತಿದರು. "ಕಿಟಕಿ ಪಕ್ಕದವಳಾ? ಅವಳನ್ನ ಎಡಗಡೆ ಕೂರಿಸಬೇಕು. ಬಲಗಡೆ ಬಿಸಿಲು ಹೊಡೆಯುತ್ತೆ."

"ನಿನ್ನನ್ನ ಇನ್ನು ಅಲ್ಲಿ ಇಟ್ಕೋತಾರಾ?" ಎಂದ ಗಂಡ.

"ಕಾಯಂ ಅಲ್ವಾ. ತೆಗೀಬೇಕು ಅಂದ್ರೆ ಕಾರಣ ಬೇಕು."

"ಕಾರಣ ಹುಡುಕೋರಿಗೆ ಕಾರಣಕ್ಕೆ ಬರವೇ?" ಎಂದು ಅತ್ತೆ ಅವಳ ತಟ್ಟೆಗೆ ಅನ್ನ ಬಡಿಸಿದಳು.

ಸೋಮವಾರ ಗೇಟಿನಲ್ಲಿ ಕಾವಲುಗಾರ ಅವಳನ್ನು ತಡೆದ. ಪಟ್ಟಿಯಲ್ಲಿ ಹೆಸರಿತ್ತು. ಅವಳ ಹೆಸರಿಗೆ ಒಂದು ಲಕೋಟೆಯೂ ಇತ್ತು. ಅವಳು ಅಲ್ಲೇ ನಿಂತು ಒಡೆದಳು. ಹಿಂದಿನ ಹೆಂಗಸರು ಈ ಸಲ ದಾಟಿ ಹೋಗಲಿಲ್ಲ, ಅವರೂ ನಿಂತರು. ದಾಖಲೆಗಳಲ್ಲಿ ಅನುಮತಿಯಿಲ್ಲದೆ ಬರೆದಿದ್ದೀರಿ, ಏಕೆ ಕ್ರಮ ಕೈಗೊಳ್ಳಬಾರದು ಎಂಬುದಕ್ಕೆ ಏಳು ದಿನದೊಳಗೆ ಉತ್ತರ ಕೊಡಿ ಎಂದು ಅದರಲ್ಲಿತ್ತು.

"ಏನಂತೆ?" ಎಂದಳು ಕುಳ್ಳಿ, ಎಲ್ಲರಿಗೂ ಕೇಳುವಂತೆ.

"ಕಾರಣ ಕೇಳಿದಾರೆ."

"ಕೇಳಿದಾರಾ? ನಮ್ಮನ್ನ ಯಾವತ್ತೂ ಕೇಳಿದ್ದಿಲ್ಲ."

"ಹೂಂ" ಎಂದಳು ಅವಳು. ಕಾಗದವನ್ನು ಮಡಿಸಿ ಡಬ್ಬಿಯ ಚೀಲದೊಳಗಿಟ್ಟುಕೊಂಡಳು. ಸೈರನ್ ಕೂಗುವಷ್ಟರಲ್ಲಿ ಸ್ಟೂಲು ಎಳೆದುಕೊಂಡು ಕೂತಳು.